ವಾರಾಂತ್ಯದ ರೇಡಿಯೊದಲ್ಲಿ ಮಾತಿಗೆ ಬಂದ ಬರ

ರೇಡಿಯೊದಲ್ಲಿ ಮಾತು ಹೆಚ್ಚಾಗಿ ಹಾಡು ಕಡಿಮೆಯಾಯಿತು ಎಂಬ ದೂರು ದಾವಣಗೆರೆಯಲ್ಲಿ ನನ್ನ ಓರಗೆಯವರ ಬಾಯಲ್ಲಿ ಆಗಾಗ ಬರುತ್ತದೆ. ನನ್ನ ದೂರು ಅದಕ್ಕೆ ನೇರ ವಿರುದ್ಧವಾದದ್ದು. ಹಾಡು ಬೇಕಾದವರಿಗೆ ಈಗ ನೂರು ದಾರಿಗಳಿವೆ. ರೇಡಿಯೊ ಉಳಿಯುವುದಾದರೆ ಮಾತಿನಿಂದಲೇ ಉಳಿಯಬೇಕು. ಆದರೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ, ಅಂದರೆ ಜನರಿಗೆ ಕೂತು ಕೇಳಲು ನಿಜವಾಗಿ ಪುರಸೊತ್ತಿರುವ ಹೊತ್ತಿನಲ್ಲಿ, ಯಾವ ಕೇಂದ್ರಕ್ಕೆ ತಿರುಗಿಸಿದರೂ ಬಾಯಿ ಆಡುತ್ತಿರುತ್ತದೆಯೇ ಹೊರತು ಮಾತು ನಡೆಯುತ್ತಿರುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಾನು ಪಾಡ್‌ಕಾಸ್ಟ್‌ಗಳ ಕಡೆ, ಅಂದರೆ ಬೇಕಾದಾಗ ಮೊಬೈಲಿನಲ್ಲಿ ಹಾಕಿಕೊಂಡು ಕೇಳುವ ಧ್ವನಿ ಕಾರ್ಯಕ್ರಮಗಳ ಕಡೆ, ಸರಿದದ್ದು ಇದೇ ಕಾರಣಕ್ಕೆ. ಸರಿದ ಮೇಲೆ ಕಿವಿಯ ಹಸಿವೇನೋ ಹಿಂಗಿತು, ಆದರೆ ಊರು ಕೈತಪ್ಪಿ ಹೋಯಿತು. ಈ ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ದಾವಣಗೆರೆಯವರಿಗೆ ರೇಡಿಯೊ ಎಂದರೆ ಬಹುಕಾಲದಿಂದ ನೆರೆಯೂರುಗಳ ರೇಡಿಯೊ. ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಸ್‌ನ ಭದ್ರಾವತಿ, ರಾತ್ರಿಯಾದರೆ ಒಂದಿಷ್ಟು ಕೊರಕೊರ ಸದ್ದಿನೊಡನೆ 765ರ ಧಾರವಾಡ, ಎಫ್‌ಎಂ ಬಂದ ಮೇಲೆ 102.6ರ ಚಿತ್ರದುರ್ಗ, ಇವುಗಳ ನಡುವೆಯೇ ನಮ್ಮ ಮನೆಯ ಬೆಳಗು ಬೈಗುಗಳು ಕಳೆದವು. ಈಗ ನಾನು ಭರಮಸಾಗರದ ಹತ್ತಿರದ ನಮ್ಮ ಹಳ್ಳಿಗೆ ವಾರಾಂತ್ಯದಲ್ಲಿ ಹೋಗಿ ಬರುವಾಗ ಕಾರಿನಲ್ಲಿ, ಭಾನುವಾರ ತರಕಾರಿ ಹೆಚ್ಚುವಾಗ ಅಡುಗೆಮನೆಯಲ್ಲಿ, ಬೆಂಗಳೂರಿನ ದಾರಿಯಲ್ಲಿ ತುಮಕೂರು ದಾಟಿದ ಮೇಲೆ ಒಂದೊಂದಾಗಿ ಹಿಡಿಯತೊಡಗುವ ಖಾಸಗಿ ಎಫ್‌ಎಂಗಳಲ್ಲಿ, ಇನ್ನು ಕೆಲವನ್ನು ಮೊಬೈಲಿನ ಆ್ಯಪ್‌ನಲ್ಲಿ ಕೇಳುತ್ತೇನೆ. ನನ್ನ ದೂರಿಗೆ ಕಾರಣವಾದ ಕೇಂದ್ರಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದರ ಹೆಸರು ಬರೆದರೆ ಉಳಿದವು ಪಾರಾದಂತಾಗುತ್ತದೆ, ಅಷ್ಟು ಪುಣ್ಯ ಅವು ಮಾಡಿಲ್ಲ.

ಒಂದು ಭಾನುವಾರದ ಫೋನ್ ಇನ್ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಸ್ಟುಡಿಯೊದಲ್ಲಿ ಮೂಳೆ ಮತ್ತು ಕೀಲು ತಜ್ಞರೊಬ್ಬರು ಕೂತಿದ್ದರು. ಮೊದಲ ಕಾಲು ಗಂಟೆ ಅವರು ಓದಿದ ಕಾಲೇಜು, ಅವರ ಮೆಚ್ಚಿನ ನಟ, ಮನೆಯಲ್ಲಿ ಅಡುಗೆ ಮಾಡುತ್ತಾರೋ ಇಲ್ಲವೋ ಎಂಬ ವಿಚಾರಣೆಯಲ್ಲೇ ಮುಗಿಯಿತು. ಆಮೇಲೆ ಜಗಳೂರು ಕಡೆಯ ಒಬ್ಬ ಹೆಂಗಸಿನ ಕರೆ ಬಂತು. ನಿರೂಪಕಿ, “ಹಲೋ, ಯಾರು ಮಾತಾಡ್ತಿರೋದು, ಊಟ ಆಯ್ತಾ ಅಮ್ಮ, ಏನ್ ಅಡುಗೆ ಇವತ್ತು?” ಎಂದು ಕೇಳಿದರು. “ರೊಟ್ಟಿ, ಅಲಸಂದಿ ಕಾಳು ಪಲ್ಯ ರೀ” ಎಂದಿತು ಆ ಕಡೆಯ ಧ್ವನಿ. “ವಾವ್, ನಮಗೂ ಕಳಿಸಬಹುದಿತ್ತಲ್ವಾ!” ಎಂದು ನಿರೂಪಕಿ ನಕ್ಕರು, ವೈದ್ಯರೂ ನಕ್ಕರು. ನಗು ಮುಗಿಯುವುದನ್ನೇ ಕಾದಿದ್ದ ಆ ಹೆಂಗಸು ಒಂದೇ ಉಸಿರಿಗೆ ಹೇಳಿದರು: “ನನಗ ಶುಗರ್ ಐತ್ರಿ ಸರ, ಅದಕ್ಕ ಮಾತ್ರೆ ತಗಂತೀನಿ. ಮಂಡಿ ನೋವಿಗೆ ಮೆಡಿಕಲ್ ಶಾಪ್‌ನಾಗೆ ಕೊಟ್ಟ ಮಾತ್ರೇನೂ ಮೂರು ವರ್ಷದಿಂದ ತಗಂತಿದೀನಿ. ಹಿಂಗ ಎರಡೂ ಕೂಡಿ ತಗಂಡ್ರೆ ಕಿಡ್ನಿಗೆ ಪೆಟ್ಟು ಬೀಳ್ತೈತಿ ಅಂತಾರ, ಹೌದೇನ್ರಿ?” ವೈದ್ಯರು “ಒಳ್ಳೆ ಪ್ರಶ್ನೆ” ಎಂದು ಶುರು ಮಾಡುವಷ್ಟರಲ್ಲಿ ಚಿಕ್ಕದೊಂದು ವಿರಾಮ ಬಂತು. ಬಟ್ಟೆ ಅಂಗಡಿ, ನಿವೇಶನ, ಮಸಾಲೆ ಪುಡಿಗಳ ಜಾಹೀರಾತು ಮುಗಿದು ಮರಳುವ ಹೊತ್ತಿಗೆ ಕರೆ ಕಡಿದಿತ್ತು. “ಅವರು ಒಮ್ಮೆ ಬಂದು ನನ್ನನ್ನು ಭೇಟಿಯಾಗಲಿ” ಎಂದು ವೈದ್ಯರು ತಮ್ಮ ಆಸ್ಪತ್ರೆಯ ವಿಳಾಸ ಹೇಳಿದರು, ಮುಂದಿನ ಕರೆ ಬಂತು, ಮತ್ತೆ ಊಟದ ವಿಚಾರಣೆ.

ಆ ಇಡೀ ಕಾರ್ಯಕ್ರಮಕ್ಕೆ ಸಿದ್ಧರಾಗಿ ಬಂದಿದ್ದವರು ಆ ಹೆಂಗಸು ಒಬ್ಬರೇ. ನೋವು ನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಅಪಾಯ ಇನ್ನೂ ಹೆಚ್ಚು, ಆದ್ದರಿಂದ ಮೊದಲು ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಎಷ್ಟೋ ಮನೆಗಳ ಕಪಾಟಿನಲ್ಲಿರುವ ಮಾತ್ರೆ ಹಾಳೆಗಳ ಬಗ್ಗೆ ಆಡಿದ ಮಾತಾಗುತ್ತಿತ್ತು. ವೈದ್ಯರಿಗೆ ಉತ್ತರ ಗೊತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಬಂದಾಗ ಅದನ್ನು ಹಿಡಿದು ನಿಲ್ಲಿಸಬೇಕಾದವರು ಯಾರೂ ಆ ಸ್ಟುಡಿಯೊದಲ್ಲಿ ಇರಲಿಲ್ಲ.

ವಾರಾಂತ್ಯದ ಉಳಿದ ಸರಕನ್ನು ವಿವರಿಸಿ ಓದುಗರನ್ನು ದಣಿಸುವುದಿಲ್ಲ. ಪ್ರಾಯೋಜಿತ ಜ್ಯೋತಿಷ್ಯ, ಯಾರಿಗೋ ಫೋನ್ ಮಾಡಿ ಬೇಸ್ತು ಬೀಳಿಸಿ ನಗುವುದು, ಪ್ರೇಮ ವೈಫಲ್ಯಕ್ಕೆ ನಡುರಾತ್ರಿಯ ಸಾಂತ್ವನ, ಚಿತ್ರ ಬಿಡುಗಡೆಯಾದ ವಾರ ಎಲ್ಲ ಕಡೆಯೂ ಅದೇ ನಾಯಕ ಅದೇ ಉತ್ತರಗಳೊಡನೆ ಹಾಜರಾಗುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವೇ. ಇವುಗಳಲ್ಲಿ ಬೇಸ್ತು ಬೀಳಿಸುವ ಆಟವನ್ನು ಮಾತ್ರ ನಾನು ಕ್ಷಮಿಸಲಾರೆ. ಕೂಲಿ ಕೆಲಸದ ನಡುವೆ ಗಾಬರಿಯಿಂದ ಫೋನ್ ಎತ್ತುವ ಮನುಷ್ಯನ ಗಾಬರಿಯನ್ನೇ ಸರಕು ಮಾಡಿಕೊಳ್ಳುವುದು ಯಾವ ಮನರಂಜನೆ?

ಕನ್ನಡದಲ್ಲಿ ರೇಡಿಯೊ ಮಾತು ಹೀಗೆ ಹುಟ್ಟಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಹೆಸರಿನ ಪ್ರಸಾರ ಕೇಂದ್ರ ಶುರು ಮಾಡಿದಾಗ ಅದರ ಬಂಡವಾಳ ಸಂಗೀತ ಮತ್ತು ವಿದ್ವಾಂಸರ ಮಾತು. ಧಾರವಾಡದ ಕೇಂದ್ರ 1950ರಲ್ಲಿ ಆರಂಭವಾಯಿತು. ಆ ದಶಕದಲ್ಲೇ ಬೇಂದ್ರೆಯವರು ಅದರ ಸಲಹೆಗಾರರಾದರು. ಆಕಾಶವಾಣಿಯಲ್ಲಿ ಹತ್ತು ನಿಮಿಷದ ಭಾಷಣ ಎಂದರೆ ಅದಕ್ಕೊಂದು ಶಿಸ್ತಿತ್ತು. ಕರೆಪತ್ರ ಬರುತ್ತಿತ್ತು, ಭಾಷಣವನ್ನು ಮೊದಲೇ ಬರೆದು ಕಳಿಸಬೇಕಿತ್ತು, ಕಾರ್ಯಕ್ರಮ ನಿರ್ವಾಹಕರು ಅದನ್ನು ಓದಿ ಇಲ್ಲಿ ಉದ್ದವಾಯಿತು, ಇಲ್ಲಿ ಕೇಳುಗನಿಗೆ ತಿಳಿಯುವುದಿಲ್ಲ ಎಂದು ಗುರುತು ಹಾಕುತ್ತಿದ್ದರು, ಧ್ವನಿಮುದ್ರಣದ ದಿನ ಗಾಜಿನ ಆಚೆ ಕೂತವರು ಗಡಿಯಾರ ನೋಡುತ್ತಿದ್ದರು. ಹತ್ತು ನಿಮಿಷಕ್ಕೆ ಸುಮಾರು ಎಂಟುನೂರರಿಂದ ಸಾವಿರ ಪದ ಹಿಡಿಯುತ್ತದೆ ಎಂಬ ಲೆಕ್ಕ ಭಾಷಣಕಾರರಿಗೆ ಬಾಯಿಪಾಠವಾಗಿರುತ್ತಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನವಾಗಿತ್ತೆಂದು ನಂಬಿಸುವ ಹಂಬಲ ನನಗಿಲ್ಲ. ಆ ಹತ್ತು ನಿಮಿಷಗಳಲ್ಲಿ ಬಹಳಷ್ಟು ಬರಡು ಮಾತೂ ಇತ್ತು. ಪಠ್ಯಪುಸ್ತಕದ ವಾಕ್ಯಗಳನ್ನು ತೂಕಡಿಸುವ ಧ್ವನಿಯಲ್ಲಿ ಓದಿದವರು, ಸರ್ಕಾರಿ ಯೋಜನೆಯ ಕರಪತ್ರವನ್ನೇ ಭಾಷಣ ಎಂದು ಒಪ್ಪಿಸಿದವರು, ಕಡೆಯ ನಿಮಿಷದಲ್ಲಿ ನಾಲ್ಕು ಪುಟ ಉಳಿದಿರುವುದನ್ನು ಕಂಡು ಓಡಿದವರು, ಎಲ್ಲರನ್ನೂ ಕೇಳಿದ್ದೇನೆ. ಆದರೆ ಅತಿ ಕೆಟ್ಟ ಭಾಷಣವೂ ಪ್ರಸಾರವಾಗುವ ಮೊದಲು ಒಬ್ಬರಾದರೂ ಅದನ್ನು ಓದಿರುತ್ತಿದ್ದರು. ಇವತ್ತಿನ ಭಾನುವಾರದ ಮಾತನ್ನು ಆಡುವವರೂ ಅದು ಬಾಯಿಂದ ಹೊರಬಿದ್ದಾಗಲೇ ಮೊದಲ ಸಲ ಕೇಳುತ್ತಿರುತ್ತಾರೆ.

ಆಕಾಶವಾಣಿಯಲ್ಲಿ ಇಂದಿಗೂ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕೇಳಿಸುವುದು ಕೃಷಿ ಕಾರ್ಯಕ್ರಮ. ಆಕಾಶವಾಣಿ 1966ರಿಂದ ತನ್ನ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ಘಟಕಗಳನ್ನು ತೆರೆಯುತ್ತ ಬಂತು. ಆ ಅಡಿಪಾಯ ಗಟ್ಟಿಯಾಗಿತ್ತು. ಅದರ ಮಾತು ಹದಗೆಡದೇ ಉಳಿದದ್ದಕ್ಕೆ ಕಾರಣ ಅದರ ಕೇಳುಗರು ಎಂದು ನನ್ನ ಅನಿಸಿಕೆ. ಯಾವ ಔಷಧಿಯನ್ನು ಎಷ್ಟು ನೀರಿಗೆ ಬೆರೆಸಬೇಕು ಎಂಬುದನ್ನು ತಪ್ಪಾಗಿ ಹೇಳಿದರೆ ಮರುದಿನ ಬೆಳೆ ಸುಡುತ್ತದೆ, ಸುಟ್ಟವರು ಹುಡುಕಿಕೊಂಡು ಬರುತ್ತಾರೆ. ಕೇಳುವವನಿಗೆ ಕಳೆದುಕೊಳ್ಳಲು ಏನೋ ಇದೆ ಎಂಬ ಅರಿವಿದ್ದಾಗ ಹೇಳುವವನು ಓದಿಕೊಂಡು ಬರುತ್ತಾನೆ. ವಾರಾಂತ್ಯದ ಹರಟೆಯ ಹಿಂದೆ ಇರುವುದು ಇದಕ್ಕೆ ತದ್ವಿರುದ್ಧವಾದ ಗ್ರಹಿಕೆ: ಯಾರೂ ಕಿವಿಗೊಟ್ಟು ಕೇಳುತ್ತಿಲ್ಲ, ಪಾತ್ರೆ ತೊಳೆಯುವಾಗಲೋ ಗಾಡಿ ಓಡಿಸುವಾಗಲೋ ಹಿಂದೆ ಒಂದು ಸದ್ದಿದ್ದರೆ ಸಾಕು.

ಈ ಗ್ರಹಿಕೆ ಬೆಳೆದುದಕ್ಕೆ ಹಣದ ಲೆಕ್ಕವೂ ಕಾರಣ, ಕಾನೂನೂ ಕಾರಣ. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಖಾಸಗಿ ಎಫ್‌ಎಂಗಳು ತಮ್ಮದೇ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ಮಾಡುವಂತಿಲ್ಲ. ಖಾಸಗಿ ಎಫ್‌ಎಂ ವಿಸ್ತರಣೆಗೆ ಕೇಂದ್ರ ಸರ್ಕಾರ ತಂದ 2011ರ ಮೂರನೇ ಹಂತದ ನೀತಿ ಆಕಾಶವಾಣಿಯ ವಾರ್ತೆಗಳನ್ನು ಇದ್ದಂತೆಯೇ ಮರುಪ್ರಸಾರ ಮಾಡಲು ಮಾತ್ರ ಅವಕಾಶ ಕೊಟ್ಟಿತು. ಹರಾಜಿನಲ್ಲಿ ದುಡ್ಡು ಸುರಿದು, ವರ್ಷ ವರ್ಷ ಶುಲ್ಕ ಕಟ್ಟಿ, ಗಂಭೀರ ಮಾತಿನ ಬಹುಪಾಲು ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಹಾಡು, ನಗು ಮತ್ತು ಜಾಹೀರಾತು. ಆಕಾಶವಾಣಿಯ ಕಷ್ಟ ಬೇರೆ ಬಗೆಯದು. ಅಲ್ಲಿ ಕಾರ್ಯಕ್ರಮ ವಿಭಾಗದ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ, ಪಾಳಿಯ ಲೆಕ್ಕದಲ್ಲಿ ಬರುವ ತಾತ್ಕಾಲಿಕ ಉದ್ಘೋಷಕರ ಮೇಲೆ ದಿನಚರಿ ನಡೆಯುತ್ತದೆ. ಇರುವವರ ಶಕ್ತಿ ವಾರದ ಐದು ದಿನಗಳಿಗೇ ಸಾಲದಿರುವಾಗ ಶನಿವಾರ, ಭಾನುವಾರಗಳಿಗೆ ಉಳಿಯುವುದೆಷ್ಟು?

ಆದರೂ ಕಾನೂನಿನ ನೆಪ ಪೂರ್ತಿ ನಿಲ್ಲುವುದಿಲ್ಲ. ಅದೇ 2011ರ ನೀತಿಯಲ್ಲಿ ಸ್ಥಳೀಯ ಹವಾಮಾನ, ಸಂಚಾರ, ಸಾಂಸ್ಕೃತಿಕ ಉತ್ಸವಗಳು, ಪರೀಕ್ಷೆ ಮತ್ತು ಪ್ರವೇಶಾತಿ, ಉದ್ಯೋಗ ಮಾರ್ಗದರ್ಶನ, ನೀರು ಮತ್ತು ವಿದ್ಯುತ್ ಪೂರೈಕೆಯಂಥ ನಾಗರಿಕ ಸೌಲಭ್ಯಗಳು, ನೈಸರ್ಗಿಕ ವಿಕೋಪ, ಇವೆಲ್ಲ ಸುದ್ದಿಯಲ್ಲದ ಮಾಹಿತಿ ಎಂದೇ ಎಣಿಕೆಯಾಗಿವೆ. ಒಂದು ಊರಿನ ಬದುಕಿನಲ್ಲಿ ಮುಕ್ಕಾಲು ಪಾಲು ಇದೇ ಅಲ್ಲವೇ? ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅದು ಎಲ್ಲಿಂದ ಹೊರಟು ಎಲ್ಲೆಲ್ಲಿ ಸೋರಿ ನಮ್ಮ ಓಣಿಗೆ ತಲುಪುತ್ತದೆ ಎಂಬುದನ್ನು ಅರ್ಧ ಗಂಟೆ ಸ್ವಾರಸ್ಯವಾಗಿ ಹೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅದಕ್ಕಾಗಿ ಒಬ್ಬರು ವಾರವಿಡೀ ತಿರುಗಾಡಬೇಕಾದ ಖರ್ಚು.

ರೇಡಿಯೊಗೆ ಹೀಗೆ ಕೈತಪ್ಪಿದ ಎರಡು ಸಂದರ್ಭಗಳು ನನ್ನ ಮನಸ್ಸಿನಿಂದ ಹೋಗಿಲ್ಲ. 2018ರಲ್ಲಿ ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಕರ್ನಾಟಕದಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ದಾವಣಗೆರೆ ಎಂದರೆ ಮೆಕ್ಕೆಜೋಳದ ಜಿಲ್ಲೆ. ಸುಳಿಯೊಳಗೆ ಕೂತು ಎಲೆಯನ್ನು ಜಾಲರಿ ಮಾಡುವ ಆ ಹುಳುವನ್ನು ಕಂಡು ರೈತರು ಇದು ಯಾವ ಹೊಸ ಕಾಟ ಎಂದು ಬೆಚ್ಚಿದ್ದರು. ಎರಡನೆಯದು 2022ರ ಸೆಪ್ಟೆಂಬರ್. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ! ಚಿತ್ರದುರ್ಗದಂಥ ಬರದ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಮಾತು ಇನ್ನೇನಿತ್ತು? ಹಿಂದಿನ ಕೋಡಿಯ ಕಥೆಯನ್ನು ಹೆತ್ತವರ ಬಾಯಿಂದ ಕೇಳಿದವರು ಹಿರಿಯೂರಿನ ಸುತ್ತಮುತ್ತ ಇದ್ದರು. ತುಂಬಿದ್ದು ಮಳೆಯಿಂದ ಎಷ್ಟು, ಭದ್ರೆಯ ನೀರು ಬಂದು ಸೇರಿದ್ದರಿಂದ ಎಷ್ಟು ಎಂದು ಬಿಡಿಸಿ ಹೇಳಬಲ್ಲ ಎಂಜಿನಿಯರುಗಳಿದ್ದರು. ಕೋಡಿಯ ಕೆಳಗಿನ ತೋಟಗಳಿಗೆ ನೀರು ನುಗ್ಗಿ ಕಂಗಾಲಾದವರೂ ಇದ್ದರು. ಆ ವಾರಾಂತ್ಯ ನಾನು ಒಂದಾದ ಮೇಲೊಂದು ಕೇಂದ್ರ ತಿರುಗಿಸುತ್ತ ಹೋದೆ. ಸಿಕ್ಕಿದ್ದು “ಜಲಾಶಯ ತುಂಬಿದೆಯಂತೆ, ಸೆಲ್ಫಿ ತಗೊಳ್ಳುವಾಗ ಹುಷಾರು ಫ್ರೆಂಡ್ಸ್” ಎಂಬ ಒಂದು ಸಾಲು, ಅದರ ಬೆನ್ನಿಗೆ ಮಳೆಯ ಹಾಡು.

ಪಾಡ್‌ಕಾಸ್ಟ್ ನನಗೆ ಆ ಮೊದಲೇ ಪರಿಚಯವಾಗಿತ್ತು, 2016ರ ಕೊನೆಗೆ ಡೇಟಾ ಅಗ್ಗವಾದ ಮೇಲೆ. ಅದರ ಹಿಂದಿನ ಏರ್ಪಾಡು ಬಹಳ ಸರಳವಾದದ್ದು. ಧ್ವನಿಯ ಕಡತವೊಂದು ಅಂತರ್ಜಾಲದ ಯಾವುದೋ ವಿಳಾಸದಲ್ಲಿ ಇರುತ್ತದೆ. ಹೊಸ ಸಂಚಿಕೆ ಬಂದಿದೆ ಎಂದು ಸಾರುವ ಆರ್‌ಎಸ್‌ಎಸ್ ಎಂಬ ಪಟ್ಟಿಯನ್ನು ನಮ್ಮ ಮೊಬೈಲಿನ ಆ್ಯಪ್ ಆಗಾಗ ಹೋಗಿ ನೋಡಿಕೊಂಡು ಬರುತ್ತದೆ. ಆ್ಯಪಲ್ ಕಂಪನಿ 2005ರಲ್ಲಿ ಇದನ್ನು ತನ್ನ ಐಟ್ಯೂನ್ಸ್‌ಗೆ ಸೇರಿಸಿದ ಮೇಲೆ ಹೆಚ್ಚು ಜನರಿಗೆ ತಿಳಿಯಿತು. ಇದಕ್ಕೆ ಗೋಪುರ ಬೇಡ, ತರಂಗದ ಹರಾಜು ಬೇಡ, ದೆಹಲಿಯ ಅನುಮತಿ ಬೇಡ. ರೇಡಿಯೊ ಪೆಟ್ಟಿಗೆ ಇಟ್ಟುಕೊಳ್ಳುವುದಕ್ಕೇ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದ ಕಾಲವನ್ನು ನೆನಪಿಟ್ಟುಕೊಂಡಿರುವವರಿಗೆ ಇದು ಈಗಲೂ ನಂಬಲಾಗದ ಸಂಗತಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಬಿಸಿ ರೇಡಿಯೊ 4ರಲ್ಲಿ 1998ರಿಂದ ನಡೆದುಬಂದಿರುವ ‘ಇನ್ ಅವರ್ ಟೈಮ್’. ಒಂದು ವಿಷಯ, ಅದನ್ನು ಬಲ್ಲ ಮೂವರು ವಿದ್ವಾಂಸರು, ಪ್ರಶ್ನೆ ಕೇಳುವವರೊಬ್ಬರು, ಮುಕ್ಕಾಲು ಗಂಟೆಯ ಮಾತು, ಅಷ್ಟೇ. ಕಾರ್ಯಕ್ರಮವನ್ನು ಬಹುಕಾಲ ನಡೆಸಿದ ಮೆಲ್ವಿನ್ ಬ್ರ್ಯಾಗ್ ಅತಿಥಿಗಳ ಊಟದ ವಿಚಾರಣೆಗೆ ಒಂದು ಕ್ಷಣವನ್ನೂ ವ್ಯಯ ಮಾಡುತ್ತಿರಲಿಲ್ಲ. ಯಾರಾದರೂ ದಾರಿ ಬಿಟ್ಟು ಹೊರಟರೆ ತುಸು ಒರಟಾಗಿಯೇ ಎಳೆದು ತರುತ್ತಿದ್ದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನಾನು ಪಾಡ್‌ಕಾಸ್ಟ್ ಎಂದು ಕೇಳುತ್ತಿದ್ದದ್ದು ಬೇರೊಂದು ದೇಶದ ರೇಡಿಯೊ ಕಾರ್ಯಕ್ರಮವನ್ನು. ಆದ್ದರಿಂದ ರೇಡಿಯೊದ ಕಾಲ ಮುಗಿಯಿತು, ಇನ್ನು ಹೊಸ ಮಾಧ್ಯಮದ ಕಾಲ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಕನ್ನಡದಲ್ಲಿ ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ನಡೆಸಿದ ‘ತಲೆ-ಹರಟೆ’ ಸಿಕ್ಕಿದಾಗ, ವಿಷಯ ಬಲ್ಲವರನ್ನು ಕೂರಿಸಿಕೊಂಡು ನಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಮಾತಾಡಬಹುದು, ಕೇಳುವವರೂ ಇದ್ದಾರೆ ಎಂಬುದು ಖಾತ್ರಿಯಾಯಿತು.

ಕೇಳುವ ರೀತಿಯೂ ಬದಲಾಯಿತು. ಹೆದ್ದಾರಿಯಲ್ಲಿ ಹೆಬ್ಬಾಳು ಟೋಲ್ ಹತ್ತಿರ ಸಾಲು ಕರಗುವವರೆಗೆ ಮಾತನ್ನು ನಿಲ್ಲಿಸಿ, ದಾಟಿದ ಮೇಲೆ ಅರ್ಧ ನಿಮಿಷ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಅಂತರ್ಜಲದ ಬಗ್ಗೆ ಒಬ್ಬ ಭೂವಿಜ್ಞಾನಿ ಆಡಿದ ಮಾತನ್ನು ನಾನು ಹೀಗೆ ಹಿಂದೆ ಮುಂದೆ ಮಾಡಿ ಕೇಳಿ, ಊರು ಮುಟ್ಟಿದ ಮೇಲೆ ಅಣ್ಣನಿಗೂ ಕೇಳಿಸಿದ್ದುಂಟು. ಕೊಳವೆಬಾವಿಗೆ ಇನ್ನೂ ನೂರು ಅಡಿ ಇಳಿಸಿದರೆ ನೀರು ಬಂದೇ ಬರುತ್ತದೆ ಎಂದು ಹಟ ಹಿಡಿದಿದ್ದ ಅವನು ಕೇಳಿ ಸುಮ್ಮನಾದ. ಒಪ್ಪಲಿಲ್ಲ, ಆದರೆ ರಿಗ್ಗಿನವನಿಗೆ ಅವತ್ತು ಫೋನ್ ಮಾಡಲಿಲ್ಲ.

ಈಗ ಪಾಡ್‌ಕಾಸ್ಟ್‌ನ ಕುಂದುಗಳು. ಇವೂ ಕಡಿಮೆಯಿಲ್ಲ. ಸಮಯದ ಮಿತಿಯಿಲ್ಲದಿರುವುದೇ ದೊಡ್ಡಸ್ತಿಕೆ ಎಂದುಕೊಂಡವರು ನಲವತ್ತು ನಿಮಿಷದ ವಿಷಯವನ್ನು ಮೂರು ಗಂಟೆ ಎಳೆಯುತ್ತಾರೆ. ಇಬ್ಬರು ಗೆಳೆಯರು ತಮಗೆ ಮಾತ್ರ ತಿಳಿದ ಹಳೆಯ ತಮಾಷೆಗೆ ನಗುತ್ತ ಕೂರುತ್ತಾರೆ, ಕೇಳುವವನು ಮದುವೆ ಮನೆಯಲ್ಲಿ ಯಾರ ಪರಿಚಯವೂ ಇಲ್ಲದೆ ಊಟಕ್ಕೆ ಕೂತವನಂತೆ ಪೆಚ್ಚಾಗಿ ಕೂರಬೇಕು. ಖಾಲಿ ಕೋಣೆಯಲ್ಲಿ ಮುದ್ರಿಸಿದ ಧ್ವನಿ ಗವಿಯೊಳಗಿನಿಂದ ಬಂದಂತೆ ಗೊಂಯ್ ಎನ್ನುತ್ತದೆ. ಐದಾರು ಸಂಚಿಕೆ ಉತ್ಸಾಹದಿಂದ ಬಂದು ಹೇಳದೆ ಕೇಳದೆ ನಿಂತುಹೋದವು ಕನ್ನಡದಲ್ಲಿ ಬೇಕಾದಷ್ಟಿವೆ. ಇತ್ತೀಚೆಗಂತೂ ಪಾಡ್‌ಕಾಸ್ಟ್ ಎಂದರೆ ದೊಡ್ಡ ಮೈಕಿನ ಮುಂದೆ ಇಬ್ಬರು ಕೂತ ವಿಡಿಯೊ ಎಂದಾಗಿಬಿಟ್ಟಿದೆ. ಅತಿಥಿ ತನ್ನ ಯಶಸ್ಸಿನ ಕಥೆ ಹೇಳುತ್ತಾನೆ, ಕೇಳುವವನು “ವಾವ್ ಸರ್” ಎನ್ನುತ್ತಾನೆ, ಅಲ್ಲಿಗೆ ಭಾನುವಾರದ ಎಫ್‌ಎಂ ಮನೆ ಬದಲಿಸಿ ಇಲ್ಲಿಗೇ ಬಂದಂತಾಯಿತು. ಆಸರೆಯೂ ಗಟ್ಟಿಯಲ್ಲ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿದಾಗ ಅದರಲ್ಲಿ ಕೂಡಿಟ್ಟಿದ್ದ ಪಟ್ಟಿಯನ್ನೆಲ್ಲ ಗಂಟುಮೂಟೆ ಕಟ್ಟಿ ಬೇರೆಡೆಗೆ ಸಾಗಿಸಬೇಕಾಯಿತು. ರೇಡಿಯೊದ ಗಡಿಯಾರ ಒಬ್ಬ ಸಂಪಾದಕನ ಕೆಲಸ ಮಾಡುತ್ತಿತ್ತು ಎಂಬುದು ನನಗೆ ತಿಳಿದದ್ದು ಗಡಿಯಾರವಿಲ್ಲದ ಮಾತನ್ನು ಕೇಳಿದ ಮೇಲೆ.

ಇವನ್ನೆಲ್ಲ ಸಹಿಸಿಕೊಳ್ಳಬಹುದು, ಒಂದನ್ನು ಬಿಟ್ಟು. ಲಂಡನ್ನಿನ ವಿದ್ವಾಂಸರು ರೋಮಿನ ನೀರು ಸರಬರಾಜಿನ ಬಗ್ಗೆ ನನಗೆ ಹೇಳುತ್ತಾರೆ, ಬೆಂಗಳೂರಿನವರು ಬೆಂಗಳೂರಿನ ಕೆರೆಗಳ ಬಗ್ಗೆ ಹೇಳುತ್ತಾರೆ. ಸೂಳೆಕೆರೆಯ ಬಗ್ಗೆ, ಭದ್ರಾ ನಾಲೆಯ ನೀರು ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಯಾಕೆ ತಲುಪುವುದಿಲ್ಲ ಎಂಬುದರ ಬಗ್ಗೆ, ಮುಚ್ಚಿಹೋದ ನಮ್ಮ ಹತ್ತಿ ಗಿರಣಿಗಳ ಬಗ್ಗೆ ಹೇಳುವವರು ಯಾರೂ ಇಲ್ಲ. ಪಾಡ್‌ಕಾಸ್ಟ್‌ನಲ್ಲಿ ಜಗತ್ತೇ ಇದೆ, ದಾವಣಗೆರೆ ಇಲ್ಲ. ಇನ್ನೊಂದು ಮಾತನ್ನು ನನಗೆ ಹೇಳಿದವರು ನಮ್ಮ ಓಣಿಯ ಹಿರಿಯರೊಬ್ಬರು. ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಟ್ಟೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂರುತ್ತಾರೆ. “ಅಜ್ಜಾರ, ನಿಮ್ಮ ಮೊಬೈಲ್‌ಗೆ ಹಾಕಿಕೊಡಲೇನು, ಒಳ್ಳೊಳ್ಳೆ ಮಾತು ಸಿಗ್ತಾವೆ” ಎಂದು ಕೇಳಿದೆ. “ನೀವು ಓದಿದೋರು, ಏನು ಬೇಕು ಅಂತ ನಿಮಗೆ ಗೊತ್ತಿರ್ತೈತಿ, ಹುಡುಕ್ತೀರಿ. ನಾನು ಏನಂತ ಹುಡುಕ್ಲಪ್ಪಾ? ಇದಾದ್ರೆ ಹಚ್ಚಿದ್ರೆ ಆತು” ಎಂದರು. ರೇಡಿಯೊ ಹಚ್ಚಿ ಬಿಟ್ಟಿದ್ದರಿಂದಲೇ ಅವರು ಜೇನು ಸಾಕಣೆಯ ಬಗ್ಗೆ, ಹಾವು ಕಡಿತದ ಬಗ್ಗೆ, ಬೀದರಿನ ಕೋಟೆಯ ಬಗ್ಗೆ ಕೇಳಿದ್ದಾರೆ. ಇವನ್ನೆಲ್ಲ ಅವರು ಎಂದೂ ಹುಡುಕಿದವರಲ್ಲ. ಕರೆಂಟ್ ಹೋದರೂ, ರೀಚಾರ್ಜ್ ಮುಗಿದರೂ ಎರಡು ಸೆಲ್‌ಗಳ ಮೇಲೆ ನಡೆಯುವ ಯಂತ್ರ ಅದು. ಮೊಬೈಲುಗಳಲ್ಲಿ ಎಫ್‌ಎಂ ರಿಸೀವರನ್ನು ತೆಗೆದುಹಾಕಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಡಬೇಕಾಗಿ ಬಂದದ್ದರಲ್ಲಿ ಅರ್ಥವಿದೆ. ಹಚ್ಚಿದರೆ ಬರುವ ಮಾತು ಮಾತ್ರ ಕೇಳುವಂತಿರಬೇಕು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ದಾವಣಗೆರೆ, ಚಿತ್ರದುರ್ಗಗಳೂ ಇವೆ ಎಂದು ತಿಳಿದಾಗ ಗೆಳೆಯರು ನಮಗೂ ಒಂದು ಎಫ್‌ಎಂ ಬರುತ್ತದೆ ಎಂದು ಸಂಭ್ರಮಿಸಿದರು. ನನಗೆ ಅಷ್ಟು ಸಂಭ್ರಮವಾಗಲಿಲ್ಲ. ಮೂರನೇ ಹಂತದ ನೀತಿಯ ಪ್ರಕಾರ ಒಂದು ಕಂಪನಿ ತನ್ನ ಹಲವು ಊರುಗಳ ಕೇಂದ್ರಗಳಲ್ಲಿ ಒಂದೇ ಕಾರ್ಯಕ್ರಮವನ್ನು ಜೋಡಿಸಿ ಬಿಡಬಹುದು. ದೊಡ್ಡ ಊರಿನಲ್ಲಿ ಕೂತವರು ಸಣ್ಣ ಊರುಗಳಿಗೆಲ್ಲ ಒಟ್ಟಿಗೆ “ಹಾಯ್ ದಾವಣಗೆರೆ, ಬೆಣ್ಣೆ ದೋಸೆ ತಿಂದ್ರಾ?” ಎಂದು ಕೂಗಿದರೆ ಅದು ಸ್ಥಳೀಯ ರೇಡಿಯೊ ಆಗುವುದಿಲ್ಲ. ಬೆಣ್ಣೆ ದೋಸೆಯ ಹೆಸರು ಹೇಳಿದರೆ ಊರಿನ ಮಾತಾಡಿದಂತಾಯಿತು ಎಂದುಕೊಂಡವರು ಈಗಾಗಲೇ ಸಾಕಷ್ಟಿದ್ದಾರೆ.

ಬೆಣ್ಣೆ ದೋಸೆಗಿಂತ ಮಂಡಕ್ಕಿಯೇ ನಮ್ಮೂರಿನ ಕಥೆಯನ್ನು ಹೆಚ್ಚು ಹೇಳುತ್ತದೆ. ಇದನ್ನು ತರಗತಿಯಲ್ಲಿ ಒಮ್ಮೆ ಹೇಳಿದ್ದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನೇ ಹಿಡಿದುಕೊಂಡು ಮಂಡಕ್ಕಿ ಭಟ್ಟಿಗಳಿಗೆ ಹೋಗಿ ಮೊಬೈಲಿನಲ್ಲಿ ಮಾತು ಮುದ್ರಿಸಿಕೊಂಡು ಬಂದಳು. ಭತ್ತ ನೆನೆಹಾಕುವುದರಿಂದ ಹಿಡಿದು, ಉಪ್ಪು ಹಿಡಿಸಿದ ಅಕ್ಕಿ ಕಾದ ಮರಳಿನಲ್ಲಿ ಅರಳಿ ಮಂಡಕ್ಕಿಯಾಗುವವರೆಗೆ ಕೆಲಸದವರೇ ಹೇಳಿದ್ದಾರೆ. ಮರಳು ಜರಡಿ ಹಿಡಿಯುವ ಸದ್ದು ಹಿಂದೆ ಕೇಳಿಸುತ್ತದೆ. ಹೊಗೆಯಿಂದ ಕಣ್ಣು ಉರಿಯುವುದರ ಬಗ್ಗೆ ಒಬ್ಬ ಹೆಣ್ಣುಮಗಳು ಬಹಳ ನೇರವಾಗಿ ಮಾತಾಡಿದ್ದಾಳೆ. ಆದರೆ ಶುರುವಿನ ನಾಲ್ಕು ನಿಮಿಷ ನಮ್ಮ ಹುಡುಗಿ “ಹಲೋ ಫ್ರೆಂಡ್ಸ್, ಎಲ್ಲರೂ ಹೇಗಿದೀರಾ” ಎಂದು ಎಫ್‌ಎಂ ದನಿಯಲ್ಲಿ ಕುಣಿದಿದ್ದಳು. “ಇದಿಷ್ಟನ್ನೂ ತೆಗೆದುಬಿಡಮ್ಮ, ಭಟ್ಟಿಯಿಂದಲೇ ಶುರುವಾಗಲಿ” ಎಂದೆ. “ಸರ್, ಅದಿಲ್ಲದಿದ್ರೆ ರೇಡಿಯೊ ಥರ ಅನ್ಸಲ್ಲ” ಎಂದು ಮುಖ ಸಪ್ಪೆ ಮಾಡಿಕೊಂಡಳು, ಆಮೇಲೆ ತೆಗೆದಳು. ಉಳಿದದ್ದು ಹದಿನೆಂಟು ನಿಮಿಷ. ಭಟ್ಟಿಯ ಮಾಲೀಕರೊಬ್ಬರು ಭತ್ತದ ಬೆಲೆಯ ಬಗ್ಗೆ ಹೇಳಿದ ಮಾತು ಸರಿಯೋ ತಪ್ಪೋ ಎಂದು ಎಪಿಎಂಸಿಯಲ್ಲಿ ವಿಚಾರಿಸಿಕೊಂಡು ಬರಲು ಅವಳು ಈಗ ಹೋಗಿದ್ದಾಳೆ. ಅದು ಖಾತ್ರಿಯಾದ ಮೇಲೆ, ಇದನ್ನು ಎಲ್ಲಿ ಹಾಕುವುದು ಎಂದು ಇಬ್ಬರೂ ಕೂತು ಯೋಚಿಸಬೇಕು.